ಇನ್ನೊಂದೇ ಒಂದು

ಆಗಸ್ಟ್ 9, ಬುಧವಾರ. ಬೆಳಿಗ್ಗೆ

ಓಟ್ಸ್ ಗಂಜಿ ಮತ್ತೆ ತೆಳ್ಳಗಾಯಿತು. ಗಟ್ಟಿ ಮಾಡುವ ಪುಡಿ ಇನ್ನಷ್ಟು ಹಾಕಬೇಕಿತ್ತು. ತೆಳ್ಳಗಾದರೆ ಕ್ಲೆಮ್‌ಗೆ ಕೆಮ್ಮು. ಅವನು ಕೆಮ್ಮಿದರೆ ನನ್ನ ಜೀವ ಬಾಯಿಗೆ ಬರುತ್ತದೆ. ಎಲ್ಲ ಚೆಲ್ಲಿ ಹೊಸದಾಗಿ ಕಲೆಸಿದೆ. ಅಷ್ಟರಲ್ಲಿ ನನ್ನ ಕಾಫಿ ಆರಿ ತಣ್ಣಗಾಗಿತ್ತು.

ಮೊದಲ ಕೆಲವು ಚಮಚ ತಾನಾಗಿಯೇ ತಿಂದ. ಆಮೇಲೆ ಬಾಯಿಗೆ ಬೀಗ. ಗೋಡೆ ನೋಡುತ್ತ ಕೂತ. ನನ್ನ ತಮ್ಮ, ಐವತ್ತೇಳು ವರ್ಷದ ಗಂಡಸು, ಕೂಸಿನ ಹಾಗೆ ತುಟಿ ಬಿಗಿದು ಕೂತರೆ ಏನು ಮಾಡಬೇಕು? ಪುಸಲಾಯಿಸಿದೆ. ಗದರಿದೆ. ಏನೂ ನಡೆಯಲಿಲ್ಲ. ಕೊನೆಗೆ ಅದನ್ನೇ ಹೇಳಿದೆ. ಇವತ್ತು ಹೇಳುವುದಿಲ್ಲ ಅಂದುಕೊಂಡೇ ಎದ್ದಿದ್ದೆ... ಹೇಳಿದೆ.

“ಇನ್ನೊಂದೇ ಒಂದು, ಸೇಬಲ್.”

ಬಾಯಿ ತೆರೆದ. ನುಂಗಿದ. ಮತ್ತೆ ಹೇಳಿದೆ, ಮತ್ತೆ ತೆರೆದ. ಬಟ್ಟಲು ಖಾಲಿ.

ಸೇಬಲ್ ನಮ್ಮ ಮನೆತನದ ಹೆಸರು. ಇವನನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ, ಹೈಸ್ಕೂಲ್ ಫುಟ್‌ಬಾಲ್ ಟೀಮಿನ ಕೋಚ್ ಕೆಸ್ಲರ್. ಮಾತೂ ಅವನದೇ. ಹೋದ ತಿಂಗಳು ಸತ್ತ. ಸತ್ತರೂ ನನ್ನ ಅಡುಗೆಮನೆ ಬಿಟ್ಟು ತೊಲಗಿಲ್ಲ, ಮುದುಕ.

ಆಗಸ್ಟ್ 10

ಡೈಪರ್ ತರಲು ಅಂಗಡಿಗೆ ಹೋದೆ. ಕೌಂಟರಿನ ಹುಡುಗಿಯ ಟೀ-ಶರ್ಟ್ ಮೇಲೆ ‘ಇನ್ನೊಂದೇ ಒಂದು’. ಬ್ಯಾಂಕಿನ ಕಿಟಕಿಯಲ್ಲಿ ಅದೇ. ಡೋನಟ್ ಅಂಗಡಿಯ ಬೋರ್ಡಿನಲ್ಲೂ ಅದೇ. ನಗು ಬಂತು. ಡೋನಟ್‌ಗಾದರೆ ಒಪ್ಪುವ ಮಾತೇ.

ನಲವತ್ತು ವರ್ಷವಾಯಿತು ಈ ತಿಂಗಳಿಗೆ. ಇಂಥದೇ ಬಿಸಿಲು. ಹೈಸ್ಕೂಲ್ ಮೈದಾನ, ಹೆಲ್ಮೆಟ್ ಹಾಕಿ ಮೈಮೇಲೆ ಬಿದ್ದು ಆಡುವ ನಮ್ಮ ಫುಟ್‌ಬಾಲು. ಇಬ್ಬರು ಹುಡುಗರನ್ನು ಎದುರೆದುರು ನಿಲ್ಲಿಸಿ ತಲೆಗೆ ತಲೆ ಗುದ್ದಿಸುವ ಪ್ರಾಕ್ಟೀಸ್. ನೀರು ಕೇಳುವ ಹಾಗಿಲ್ಲ. ಕ್ಲೆಮ್ ಹೇಳಿದನಂತೆ, “ಕೋಚ್, ಎಲ್ಲಾ ಎರಡೆರಡು ಕಾಣ್ತಿದೆ.” ಕೆಸ್ಲರ್ ಅಂದನಂತೆ, “ಹಾಗಾದ್ರೆ ಎರಡ್ರಲ್ಲಿ ಒಂದಕ್ಕೆ ಗುದ್ದು. ಇನ್ನೊಂದೇ ಒಂದು, ಸೇಬಲ್.” ಹುಡುಗರೆಲ್ಲ ನಕ್ಕರಂತೆ. ಕ್ಲೆಮ್ಮೂ ನಕ್ಕನಂತೆ. ಆಮೇಲೆ ಗುದ್ದಿದ. ಮಿದುಳಲ್ಲಿ ರಕ್ತ. ಪಿಟ್ಸ್‌ಬರ್ಗಿನ ಆಸ್ಪತ್ರೆಯಲ್ಲಿ ತಲೆ ಆಪರೇಷನ್ ಮಾಡಿದರು. ಹದಿನೇಳು ಅವನಿಗೆ ಆಗ.

ಆ ಶರತ್ಕಾಲ ಟೀಮ್ ಗೆದ್ದಿತು. ಊರೆಲ್ಲ ಮೆರವಣಿಗೆ. ಕೆಸ್ಲರ್‌ನ ಮಾತು ಆಗಿನಿಂದ ಊರಿಗೇ ಮಂತ್ರ.

ಆಗಸ್ಟ್ 13, ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದೆ, ಡೀ ಮಿಹಾಲಿಕ್ ಫೋನ್. ನನ್ನ ಕ್ಲಾಸ್‌ಮೇಟು. ಈಗ ಸ್ಕೂಲ್ ಬೋರ್ಡಿನ ಅಧ್ಯಕ್ಷೆ. ಕೆಲಸವಿಲ್ಲದೆ ಫೋನ್ ಮಾಡುವವಳಲ್ಲ.

“ಬರ್ನಿ, ಲಾಕರ್ ರೂಮ್ ಗೋಡೆ ಮೇಲೆ ಬರೆಸಿದೀವಲ್ಲ ಕೆಸ್ಲರ್ ಮಾತು, ಅದರ ವಿಷ್ಯ ಕೇಳ್ದ್ಯಾ?”

“ನಂಗ್ಯಾರ್ ಹೇಳ್ತಾರೆ?”

“ಅದರ ಜೊತೆಗಿರೋ ಅವನ ಹೆಸ್ರು ಬೇಡ ಅಂತ ಆಗಿದೆ. ಪೇಪರಲ್ಲಿ ಅಷ್ಟೆಲ್ಲ ಬಂದ್ಮೇಲೆ ಯಾವ ಮುಖ ಇಟ್ಕೊಂಡು ಇಡೋದು? ಆದ್ರೆ ಮಾತು... ಅದೇನ್ ಪಾಪ ಮಾಡಿದೆ ಹೇಳು? ಮನುಷ್ಯ ಬೇರೆ, ಮಾತು ಬೇರೆ.”

ಕೆಸ್ಲರ್ ಸತ್ತ ವಾರ ಪೇಪರಿನವರು ಹೊಗಳಿ ಬರೆದರು. ಮರುವಾರ ಹಳೇ ಆಟಗಾರರು ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಮುರಿದ ಮಣಿಕಟ್ಟಿಗೆ ಟೇಪು ಸುತ್ತಿ ಆಡಿಸಿದ್ದು, ವಾಂತಿ ಮಾಡಿಕೊಂಡವನನ್ನು ಅದರಲ್ಲೇ ತೆವಳಿಸಿದ್ದು. ಪೇಪರಿನವರು ನನ್ನನ್ನೂ ಕೇಳಿದ್ದರು. ಫೋನ್ ಇಟ್ಟುಬಿಟ್ಟಿದ್ದೆ.

“ಅದಕ್ಕೆ ನಾನೇನ್ಮಾಡ್ಲಿ ಡೀ?”

“ನೀನು ಬೇಡ ಅಂದ್ರೆ ಮಾತನ್ನೂ ಅಳಿಸ್ತೀವಿ. ನೀನು ಇರ್ಲಿ ಅಂದ್ರೆ ಇನ್ಯಾರೂ ತುಟಿ ಎರಡ್ ಮಾಡಲ್ಲ. ಅಕ್ಟೋಬರ್ ಮೀಟಿಂಗಿಗೆ ಬಂದು ಒಂದ್ಮಾತು ಹೇಳು.”

ಒಳ್ಳೇ ಕಥೆ. ತಮ್ಮನ ತಲೆ ಒಡೆದಾಗ ನನ್ನನ್ನು ಯಾರೂ ಕೇಳಲಿಲ್ಲ. ಈಗ ಗೋಡೆಗೆ ನನ್ನ ಅಪ್ಪಣೆ ಬೇಕಂತೆ.

ಆಗಸ್ಟ್ 19, ಶನಿವಾರ

ಹೊಸ ಕೋಚ್ ಡೇರಿನ್ ಪೋಲ್ ಬಂದಿದ್ದ. ಮೂವತ್ತು ದಾಟಿದ ಹುಡುಗ. ಕೆಸ್ಲರ್ ರಿಟೈರ್ ಆಗುವ ಮೊದಲು ಅವನ ಕೈಕೆಳಗೆ ಆಡಿದವನು. ಕೈಯಲ್ಲಿ ಅವರಮ್ಮ ಮಾಡಿದ ಕೋಸು-ನೂಡಲ್ಸಿನ ಟ್ರೇ. ಬೆಣ್ಣೆ ಸುರಿದಿದ್ದಳು ಪುಣ್ಯಾತ್ಗಿತ್ತಿ.

“ಮಿಸ್ ಸೇಬಲ್, ನಾನು ಕೆಸ್ಲರ್ ಪರ ವಾದ ಮಾಡೋಕೆ ಬಂದಿಲ್ಲ.”

“ಹಾಗಾದ್ರೆ ಕೋಸು ಕೊಡಕ್ಕೆ ಬಂದ್ಯಾ? ಇಟ್ಟು ಹೊರಡು.”

ನಗಲಿಲ್ಲ ಪಾಪ. ಕೂತ. ಅವರಪ್ಪ ಮನೆ ಬಿಟ್ಟು ಹೋದ ವರ್ಷ ಇವನು ಸ್ಕೂಲು ಬಿಡುವವನಿದ್ದನಂತೆ. “ಆ ಮನುಷ್ಯ ದಿನಾ ಬೆಳಿಗ್ಗೆ ನಮ್ಮನೆ ಮುಂದೆ ಟ್ರಕ್ ನಿಲ್ಸಿ ಹಾರನ್ ಬಾರಿಸ್ತಿದ್ರು. ಇನ್ನೊಂದೇ ಒಂದು ದಿನ ಬಾರೋ ಅಂತ. ನಾಳೆ ಬಿಡ್ತೀಯಂತೆ, ಇವತ್ತು ಬಾ ಅಂತ. ಹಂಗೇ ವರ್ಷ ಕಳೀತು. ಅವ್ರಿಲ್ದಿದ್ರೆ ನಾನೆಲ್ಲಿರ್ತಿದ್ನೋ... ಈಗ ನನ್ನ ಹುಡುಗರಿಗೂ ಅದನ್ನೇ ಹೇಳ್ತೀನಿ. ಅವ್ರ ಹೆಸ್ರು ಎತ್ತಲ್ಲ.”

“ನಿನ್ನ ಹುಡ್ಗ ಯಾವನಾದ್ರೂ ತಲೆ ಸುತ್ತತ್ತೆ ಅಂದ್ರೆ?”

“ಆವತ್ತಿಗೆ ಅವನ ಆಟ ಮುಗೀತು. ಡಾಕ್ಟರ್ ಹೇಳೋವರ್ಗೂ ಹೆಲ್ಮೆಟ್ ಮುಟ್ಟಂಗಿಲ್ಲ.”

“ಕೆಸ್ಲರ್‌ಗೆ ಯಾಕೆ ಹೊಳೀಲಿಲ್ಲ ಅದು?”

ಅಷ್ಟರಲ್ಲಿ ಕ್ಲೆಮ್ ವಾಕರ್ ಎಳೆದುಕೊಂಡು ಒಳಕೋಣೆಯಿಂದ ಬಂದ. ಡೇರಿನ್ ಕತ್ತಿನಲ್ಲಿ ಸೀಟಿ ನೇತಾಡುತ್ತಿತ್ತು. ಕ್ಲೆಮ್ ಅದನ್ನೇ ನೋಡಿದ. ವಾಕರ್ ಬಿಟ್ಟ. ಮಂಡಿ ಬಗ್ಗಿಸಿ, ಒಂದು ಕೈ ನೆಲಕ್ಕೆ ಊರಲು ಹೊರಟ, ಆಟ ಶುರುವಾಗುವ ಮುಂಚೆ ಕೂರುತ್ತಾರಲ್ಲ, ಹಾಗೆ. ಮಂಡಿ ಗಡಗಡ ನಡುಗುತ್ತಿದೆ.

“ರೆಡಿ ಕೋಚ್,” ಅಂದ.

ಡೇರಿನ್ ಹಾರಿ ಬಂದು ಅಪ್ಪಿ ಹಿಡಿಯದಿದ್ದರೆ ಮುಖ ಅಡಿಯಾಗಿ ಬೀಳುತ್ತಿದ್ದ. ಇಬ್ಬರೂ ಸೇರಿ ಕುರ್ಚಿಗೆ ಕೂರಿಸಿದೆವು. ಡೇರಿನ್ ಸೀಟಿಯನ್ನು ಜೇಬಿಗೆ ತುರುಕಿಕೊಂಡ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತ. ಸಿಟ್ಟು ಬರಬೇಕಿತ್ತು ನನಗೆ. ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ತ್ರಾಣ ಬೇಕು.

ಆಗಸ್ಟ್ 25, ಶುಕ್ರವಾರ

ಮೊದಲ ಮ್ಯಾಚು. ಬ್ಯಾಂಡಿನ ಸದ್ದು ಇಲ್ಲಿಯವರೆಗೂ ಬರುತ್ತಿದೆ. ಕಿಟಕಿ ಮುಚ್ಚಿದೆ. ಕ್ಲೆಮ್ ತೆಗಿ ಅಂತ ಸನ್ನೆ ಮಾಡಿದ. ತೆಗೆದೆ. ಡ್ರಮ್ಮಿನ ತಾಳಕ್ಕೆ ಬೆರಳು ಕುಣಿಸುತ್ತ ಕೂತಿದ್ದಾನೆ. ಆಟ ಇವನಿಗೆ ಈಗಲೂ ಇಷ್ಟ. ನನಗೆ ಅರ್ಥವೇ ಆಗುವುದಿಲ್ಲ.

ಡೀ ಫೋಟೋ ಕಳಿಸಿದ್ದಳು. ಸದ್ಯಕ್ಕೆ ಹೆಸರಿಗೆ ಮಾತ್ರ ಬಣ್ಣ ಬಳಿದಿದ್ದಾರೆ. ಬಳಿದವನು ಹೆಸರು ಮುಚ್ಚಿ ಅದಕ್ಕೆ ಮುಂಚಿನ ಅಡ್ಡಗೆರೆ ಬಿಟ್ಟಿದ್ದಾನೆ. ‘ಇನ್ನೊಂದೇ ಒಂದು —’ ಅಂತ ನಿಂತಿದೆ. ಹುಡುಗರು ಮೈದಾನಕ್ಕೆ ಹೊರಡುವಾಗ ಹಾರಿ ಹಾರಿ ಅದನ್ನು ತಟ್ಟುತ್ತಾರೆ. ಅಡ್ಡಗೆರೆ ತಟ್ಟಿದರೆ ಅದೃಷ್ಟ ಅಂತ ಆಗಲೇ ಒಂದು ನಂಬಿಕೆ ಹುಟ್ಟಿದೆಯಂತೆ. ಈ ಊರು ಉದ್ಧಾರವಾಗುವುದಿಲ್ಲ.

ಸೆಪ್ಟೆಂಬರ್ 3

ಇದನ್ನೂ ಬರೆದಿಡಬೇಕು. ಇಲ್ಲದಿದ್ದರೆ ನಾನೂ ಪೇಪರಿನವರ ಹಾಗೆಯೇ.

ಆ ಚಳಿಗಾಲ ಕೆಸ್ಲರ್ ಆಸ್ಪತ್ರೆಗೆ ಬರುತ್ತಿದ್ದ. ಪ್ರತಿ ಭಾನುವಾರ, ಹಿಮ ಬೀಳಲಿ, ಏನೇ ಆಗಲಿ. ಕ್ಲೆಮ್‌ಗೆ ಬಲಗಾಲು ಬಿದ್ದು ಹೋಗಿತ್ತು. ಡಾಕ್ಟರು, ಅಮ್ಮ, ನಾನು, ಯಾರು ಹೇಳಿದರೂ ಏಳುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಕೆಸ್ಲರ್ ಬಂದು ಹಿಡಿದು ನಡೆಯುವ ಎರಡು ಕಂಬಿಗಳ ಆ ಕಡೆ ತುದಿಯಲ್ಲಿ ನಿಂತು, “ಇನ್ನೊಂದೇ ಒಂದು ಹೆಜ್ಜೆ, ಸೇಬಲ್” ಅನ್ನುತ್ತಿದ್ದ. ಅದೇ ದನಿ. ಕ್ಲೆಮ್ ಬೆವರುತ್ತ, ಅಳುತ್ತ, ಕಾಲು ಎಳೆಯುತ್ತಿದ್ದ. ವಸಂತದ ಹೊತ್ತಿಗೆ ನಡೆದ. ಆಮೇಲೆ ಮೂವತ್ತು ವರ್ಷ ಚರ್ಚಿನ ನೆಲ ಒರೆಸಿದ, ಅವನ ಸಂಬಳ ಅವನೇ ದುಡಿದ. ಆ ಹಳೇ ಪೆಟ್ಟು ಮಿದುಳನ್ನು ಮತ್ತೆ ತಿನ್ನತೊಡಗಿದ್ದು ಅದಾದಮೇಲೆ.

ಅಮ್ಮ ಕೆಸ್ಲರ್‌ನ ಕೈ ಹಿಡಿದು ಮುತ್ತಿಟ್ಟಳು. ನನ್ನ ಮೈ ಉರಿದುಹೋಗಿತ್ತು. ತಪ್ಪಾಯಿತು ಅಂತ ಒಂದು ಸಲ, ಒಂದೇ ಒಂದು ಸಲ ಆ ಬಾಯಲ್ಲಿ ಬರಲಿಲ್ಲ. ಕಾಲು ಕೊಟ್ಟನಲ್ಲ ಅಂತ ಅಮ್ಮ. ಕಿತ್ತುಕೊಂಡವನು ಯಾರು ಅಂತ ನಾನು. ಅಮ್ಮ ಸಾಯುವವರೆಗೂ ನಮ್ಮಿಬ್ಬರದು ಇದೇ ಜಗಳ.

ಸೆಪ್ಟೆಂಬರ್ 14

ಇವೆಟ್ ಬಂದಿದ್ದಳು. ನುಂಗುವುದನ್ನು ನೋಡಿಕೊಳ್ಳುವ ಥೆರಪಿಸ್ಟ್. ಸಣ್ಣ ದನಿಯ ಹೆಂಗಸು, ಆದರೆ ಏನನ್ನೂ ಬಿಡುವುದಿಲ್ಲ. ಕ್ಲೆಮ್‌ಗೆ ಊಟ ಮಾಡಿಸಿ ತೋರಿಸು ಅಂದಳು. ತೋರಿಸಿದೆ. ಬಾಯಿ ಮುಚ್ಚಿದ. ನಾನು ಆ ಮಾತು ಹೇಳಿದೆ. ತೆರೆದ.

ಇವೆಟ್ ಅವನ ಗಂಟಲ ಮೇಲೆ ಬೆರಳಿಟ್ಟು ನೋಡುತ್ತಿದ್ದಳು. “ನಿಲ್ಸು” ಅಂದಳು.

“ಯಾಕೆ? ತಿಂತಿದಾನಲ್ಲ.”

“ತಿಂತಿಲ್ಲ ಬರ್ನಿ. ಮಾತು ಕೇಳ್ತಿದಾನೆ. ಹಸಿವಿಲ್ಲ, ಗಂಟ್ಲು ಸೋತಿದೆ, ಆದ್ರೂ ಬಾಯಿ ತೆಗೀತಾನೆ. ಅದು ಹೊಟ್ಟೆಗೆ ಹೋಗ್ದೆ ಶ್ವಾಸಕೋಶಕ್ಕೆ ಇಳೀತಿದ್ಯೇನೋ ಅಂತ ನಂಗೆ ಭಯ. ಮುಖ ತಿರುಗಿಸಿದ ಅಂದ್ರೆ ಬೇಡ ಅಂತ ಅರ್ಥ. ಬಿಟ್ಬಿಡು.”

“ಬಿಟ್ರೆ ಹೆಂಗೆ? ಆಗ್ಲೇ ಬಟ್ಟೆಯೆಲ್ಲ ಜೋತಾಡ್ತಿದೆ. ಉಪವಾಸ ಕೆಡವಿ ಸಾಯಿಸ್ಲಾ?”

ಕಿರುಚಿದೆ ಅನಿಸುತ್ತದೆ. ಇವೆಟ್ ನನ್ನ ಬೆನ್ನು ಸವರಿದಳು. ಅವಳು ಹೋದಮೇಲೆ ತೀರ್ಮಾನ ಮಾಡಿದೆ. ಇನ್ನು ಆ ಮಾತು ಈ ಮನೆಯಲ್ಲಿ ಇಲ್ಲ.

ಸೆಪ್ಟೆಂಬರ್ 17

ಮೂರು ದಿನ ಹೇಳಲಿಲ್ಲ. ಅವನೂ ತಿನ್ನಲಿಲ್ಲ. ಪುಡಿಂಗ್ ನೆಕ್ಕಿದ, ಅಷ್ಟೇ. ಕೆನ್ನೆ ಒಳಗೆ ಹೋಗಿದೆ. ಮುಖ ಒರೆಸಿದರೆ ಬರೀ ಮೂಳೆ ಕೈಗೆ ಸಿಗುತ್ತದೆ.

ರಾತ್ರಿ ಊಟಕ್ಕೆ ಹೇಳಿಬಿಟ್ಟೆ. ಬಟ್ಟಲು ಖಾಲಿ ಮಾಡಿದ. ಖುಷಿಯಾಯಿತು. ಹಾಳಾದ ಖುಷಿ.

ಅಕ್ಟೋಬರ್ 2. ಆಸ್ಪತ್ರೆ

ನ್ಯುಮೋನಿಯಾ. ಇವೆಟ್ ಹೇಳಿದ್ದೇ ಆಯಿತು. ಊಟ ಶ್ವಾಸಕೋಶಕ್ಕೆ ಇಳಿದಿದೆ. ಮೂಗಿಗೆ ಆಕ್ಸಿಜನ್. ನಾನು ಕುರ್ಚಿಯಲ್ಲೇ ಮಲಗಿ ಸೊಂಟ ಹೋಗಿದೆ.

ಡಾಕ್ಟರ್ ಚಿಕ್ಕವಳು, ಒಳ್ಳೆಯವಳು. ಹೊಟ್ಟೆಗೆ ನಳಿಕೆ ಹಾಕಬಹುದು ಅಂದಳು. ಹಾಕಿದರೂ ಇದು ಮತ್ತೆ ಬರಬಹುದು. ಅವನು ಕಿತ್ತುಕೊಳ್ಳಬಹುದು, ಕೈ ಕಟ್ಟಬೇಕಾಗಬಹುದು. “ಅಥ್ವಾ ಮನೇಗೆ ಕರ್ಕೊಂಡು ಹೋಗಿ, ಅವರಿಗೆ ಬೇಕು ಅನ್ಸಿದಾಗ ಬೇಕಾದಷ್ಟೇ ಕೊಡಿ. ಜಾಸ್ತಿ ದಿನ ಇರಲ್ಲ. ಆದ್ರೆ ನೆಮ್ಮದಿಯಾಗಿರ್ತಾರೆ.” ನೀವು ಏನಂತೀರಿ ಅಂತ ಕೇಳಿದಳು.

ಮತ್ತೆ ನನ್ನನ್ನೇ ಕೇಳುವುದು. ಗೋಡೆಯಿರಲಿ, ಹೊಟ್ಟೆಯಿರಲಿ. ಎಲ್ಲದಕ್ಕೂ ಬರ್ನಿ ಹೇಳಬೇಕು.

ಅಕ್ಟೋಬರ್ 8

ಮನೆಗೆ ಬಂದೆವು. ನಳಿಕೆ ಬೇಡ ಅಂದೆ. ಕೈ ಕಟ್ಟುತ್ತಾರೆ ಅಂದಮೇಲೆ ಬೇರೆ ಯೋಚನೆಯೇ ಬರಲಿಲ್ಲ.

ಇನ್ನು ಅವನಿಗೆ ಬೇಕಾದಷ್ಟೇ. ಬರೆಯುವುದು ಸುಲಭ.

ಅಕ್ಟೋಬರ್ 16, ಸೋಮವಾರ

ಮೀಟಿಂಗಿಗೆ ಹೋದೆ. ಇವೆಟ್ ಕ್ಲೆಮ್ ಹತ್ತಿರ ಕೂತಿದ್ದಳು. ಸ್ಕೂಲಿನ ಕೆಫೆಟೇರಿಯಾ ತುಂಬ ಜನ. ಅರ್ಧ ಜನ ಆ ಟೀ-ಶರ್ಟಿನಲ್ಲೇ ಬಂದಿದ್ದರು. ನನ್ನನ್ನು ನೋಡಿದ ಕೂಡಲೇ ಜಾಕೆಟ್ ಜಿಪ್ ಎಳೆದುಕೊಂಡರು. ಅಕ್ಟೋಬರಿನಲ್ಲಿ ಎಲ್ಲರಿಗೂ ಒಟ್ಟಿಗೇ ಚಳಿ.

ಒಬ್ಬ ಹೆಂಗಸು ಎದ್ದು ಮಾತಾಡಿದಳು. ತಲೆಗೂದಲು ಈಗಷ್ಟೇ ಚಿಗುರುತ್ತಿದೆ. “ಪ್ರತಿ ಸಲ ಕೀಮೋಗೆ ಹೋಗೋವಾಗ ಅದನ್ನೇ ಅಂದ್ಕೋತಿದ್ದೆ. ಅದನ್ನ ಮೊದ್ಲು ಯಾರು ಹೇಳಿದ್ರು ಅಂತ ನಂಗ್ಯಾಕೆ? ಈಗ ಅದು ನಂದು.” ಸುಳ್ಳು ಹೇಳುತ್ತಿರಲಿಲ್ಲ ಅವಳು. ಅವಳಿಂದ ಕಿತ್ತುಕೊಳ್ಳಲು ನಾನ್ಯಾರು?

ಡೇರಿನ್ ಹಿಂದೆ ಗೋಡೆಗೊರಗಿ ನಿಂತಿದ್ದ. ಸೀಟಿ ಹಾಕಿಕೊಂಡಿರಲಿಲ್ಲ.

“ಬರ್ನಿ, ಇರ್ಲಿ ಅಂತೀಯಾ, ಬೇಡ ಅಂತೀಯಾ?” ಡೀ ಕೇಳಿದಳು.

ಬೇಡ ಅನ್ನಲು ಹೋಗಿದ್ದೆ. ದಾರಿಯುದ್ದಕ್ಕೂ ಕಾರಿನಲ್ಲಿ ಜೋರಾಗಿ ಹೇಳಿ ಹೇಳಿ ಅಭ್ಯಾಸ ಮಾಡಿದ್ದೆ. ಎದ್ದು ನಿಂತಮೇಲೆ ಬೇರೆಯೇ ಬಂತು.

“ಅದೇ ಬಾಯಿ, ಅದೇ ಮಾತು. ಬೇಸಿಗೇಲಿ ನನ್ನ ತಮ್ಮನ್ನ ಕೆಡವ್ತು, ಚಳಿಗಾಲ್ದಲ್ಲಿ ಎಬ್ಬಿಸ್ತು. ನೀವು ಎಬ್ಬಿಸಿದ್ದನ್ನ ಗೋಡೇಗೆ ಹಾಕ್ಕೊಂಡು ಕೆಡವಿದ್ದನ್ನ ನಮ್ಮನೇಗೆ ಕಳಿಸ್ತಿದೀರಿ. ಅದಾಗಲ್ಲ. ಮಾತು ಇರೋದಾದ್ರೆ ಹೆಸ್ರೂ ಇರ್ಲಿ. ಕೆಳಗಡೆ ಕ್ಲೆಮ್ ಸೇಬಲ್ ಅಂತಾನೂ ಬರೀರಿ. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಎರಡೂ ಹುಡುಗರಿಗೆ ಗೊತ್ತಿರ್ಲಿ. ಆಮೇಲೆ ತಟ್ಟೋರು ತಟ್ಲಿ, ಬಿಡೋರು ಬಿಡ್ಲಿ.”

ಡೀ ಬಾಯಿ ಅರ್ಧ ತೆರೆದು ಕೂತಿದ್ದಳು. ಮಾತು ತೆಗೆಸಲು ಬಂದವಳು ಹೆಸರನ್ನೂ ಹಾಕಿ ಅಂದರೆ ಅವರಾದರೂ ಏನು ಮಾಡಿಯಾರು? ಕೊನೆಗೆ ಇದಕ್ಕೊಂದು ಸಮಿತಿ ಮಾಡೋಣ ಅಂದರು. ಮಾಡಿಕೊಳ್ಳಲಿ. ಕೋಟು ಹಾಕಿಕೊಂಡು ಹೊರಟೆ.

ಪಾರ್ಕಿಂಗಿನವರೆಗೂ ಡೇರಿನ್ ಹಿಂದೆಯೇ ಬಂದ. “ನಾನು ಇನ್ಮೇಲೆ ಹುಡುಗರಿಗೆ ಅದನ್ನ ಹೇಳ್ಲಾ, ಬೇಡ್ವಾ?” ಅಂದ. ಚಿಕ್ಕ ಹುಡುಗನ ಹಾಗೆ ಕೇಳಿದ.

“ನಂಗೊತ್ತಿಲ್ಲ ಡೇರಿನ್. ನಾನೂ ದಿನಾ ಹೇಳ್ತೀನಿ.”

ನಿಜ ಅದೇ. ಬೇರೇನು ಹೇಳಲಿ.

ಅಕ್ಟೋಬರ್ 29

ಸೇಬಿನ ಸಾಸ್ ಸ್ವಲ್ಪ. ಆಮೇಲೆ ಮುಖ ತಿರುಗಿಸಿದ. ಬಿಟ್ಟೆ.

ಮಧ್ಯಾಹ್ನ ಮತ್ತೆ ತಿರುಗಿಸಿದ. ಬಿಡಲಾಗಲಿಲ್ಲ. ಹೇಳಿದೆ. ತಿಂದ. ಕೆಮ್ಮಿದ. ಬೆನ್ನು ತಟ್ಟುತ್ತ ಕೂತೆ. ಇದು ಕೊನೇ ಸಲ ಅಂದುಕೊಂಡೆ... ಪ್ರತಿ ಸಲವೂ ಕೊನೇ ಸಲ ಅಂತಲೇ ಅಂದುಕೊಳ್ಳುತ್ತೇನೆ.

ನವೆಂಬರ್ 5

ಏನೂ ಬರೆಯಲು ಮನಸ್ಸಿಲ್ಲ. ಹಾಸಿಗೆ ಬಟ್ಟೆ ಬದಲಿಸಿದೆ. ಗಡ್ಡ ತೆಗೆದೆ. ಬಿಸಿ ಟವೆಲ್ ಮುಖಕ್ಕೆ ಇಟ್ಟಾಗ “ಆಹ್” ಅಂದ. ಇನ್ನೊಂದು ಸ್ವಲ್ಪ ಹೊತ್ತು ಇಟ್ಟೆ.

ನವೆಂಬರ್ 9, ಗುರುವಾರ. ಬೆಳಿಗ್ಗೆ

ಗಂಜಿ ಸರಿಯಾಗಿ ಬಂದಿತ್ತು. ಮೇಲೆ ಚೂರು ಕಂದು ಸಕ್ಕರೆ. ದಿಂಬು ಒತ್ತುಕೊಟ್ಟು ಕೂರಿಸಿದೆ. ಬಿಸಿಲು ಹಾಸಿಗೆಯ ಮೇಲೇ ಬಿದ್ದಿತ್ತು. ಒಂದು ಚಮಚ ತಿಂದ. ತುಟಿ ಮುಚ್ಚಿದ.

ಕಾದೆ. ಮತ್ತೆ ಚಮಚ ಹಿಡಿದೆ. ಇಲ್ಲ. ಅದೇ ಹೆದರಿಕೆ ಶುರುವಾಯಿತು. ಇವನು ಕೈ ತಪ್ಪಿ ಹೋಗುತ್ತಿದ್ದಾನೆ, ಹಿಡಿದುಕೊಳ್ಳಲು ನನ್ನ ಹತ್ತಿರ ಇರುವುದು ಅದೊಂದೇ ಮಾತು. ಹೇಳಿದೆ.

“ಇನ್ನೊಂದೇ ಒಂದು, ಸೇಬಲ್.”

ಬಾಯಿ ತೆರೆದ. ಚಮಚ ತುಟಿಯವರೆಗೂ ಹೋಗಿತ್ತು. ಆಗ ನನ್ನ ಕಡೆ ತಿರುಗಿ ನೋಡಿದ. ಎಷ್ಟೋ ವಾರದ ಮೇಲೆ ನೆಟ್ಟಗೆ ನನ್ನನ್ನೇ ನೋಡಿದ. ಬರ್ನಿಯನ್ನಲ್ಲ.

“ಸಾಕು, ಕೋಚ್,” ಅಂದ.

ಚಮಚ ವಾಲಿತು. ಗಂಜಿ ಹೊದಿಕೆಯ ಮೇಲೆ ಬಿತ್ತು. ಅವನಿಗೆ ಹೆದರಿಕೆಯಾಗಿತ್ತು. ಬಯ್ಯುತ್ತೇನೆ ಅಂತ ಕಾಯುತ್ತಿದ್ದ. ಹದಿನೇಳರ ಹುಡುಗನ ಕಣ್ಣು ಅವು. ನಾನು ಬರ್ನಿ ಕಣೋ, ನಿನ್ನ ಅಕ್ಕ, ಅನ್ನಲು ಬಾಯಿವರೆಗೂ ಬಂತು. ಅನ್ನಲಿಲ್ಲ. ಅಕ್ಕ ಹೇಳಿದರೆ ಅವನಿಗೆ ಏನೂ ಪ್ರಯೋಜನವಿಲ್ಲ. ಅವನು ಕೇಳಿದ್ದು ಕೋಚ್‌ನನ್ನು.

ಬೆನ್ನು ನೆಟ್ಟಗೆ ಮಾಡಿದೆ. ದನಿ ಆದಷ್ಟು ದಪ್ಪ ಮಾಡಿದೆ.

“ಸರಿ ಸೇಬಲ್. ಚೆನ್ನಾಗಿ ಆಡ್ದೆ. ಬಾ, ಮೈದಾನದಿಂದ ಹೊರಗೆ ಬಂದು ಕೂತ್ಕೋ.”

“ಬರ್ಲಾ?”

“ಬಾರೋ. ನಾನೇ ಹೇಳ್ತಿದೀನಲ್ಲ.”

ಭುಜ ಇಳಿಯಿತು. ಇಷ್ಟು ವರ್ಷ ಅವನ ಭುಜ ಹಾಗೆ ಬಿಗಿದುಕೊಂಡೇ ಇತ್ತು ಅನ್ನುವುದು ಅದು ಇಳಿದಾಗ ನನಗೆ ತಿಳಿಯಿತು. ದಿಂಬಿಗೆ ಒರಗಿದ. ನನ್ನ ಬೆರಳು ಹಿಡಿದುಕೊಂಡೇ ಕಣ್ಣು ಮುಚ್ಚಿದ. ಈಗ ನಿದ್ದೆ ಮಾಡುತ್ತಿದ್ದಾನೆ. ಉಸಿರು ಸಣ್ಣಗಿದೆ, ಸಮನಾಗಿದೆ.

ಗಂಜಿ ಪಾತ್ರೆ ತೊಳೆದಿಟ್ಟೆ. ಅತ್ತೆ, ತುಂಬ ಹೊತ್ತು ಅತ್ತೆ. ಇವೆಟ್‌ಗೆ ಫೋನ್ ಮಾಡಿ ತಿಳಿಸಬೇಕು. ಎದ್ದಮೇಲೆ ಕೇಳುತ್ತೇನೆ. ಬೇಕು ಅಂದರೆ ಕೊಡುತ್ತೇನೆ. ಬೇಡ ಅಂದರೆ—